ಸ್ವಂತ ರಿಪೇರಿಯ ಬಳಿಕ ಎಂಜಿನ್ ಸದ್ದು: ಮೂಲ ಹುಡುಕುವ ಕ್ರಮ

ಮನೆಯಂಗಳದಲ್ಲೇ ಆಯಿಲ್ ಬದಲಿಸಿ, ಹೊಸ ಬೆಲ್ಟ್ ಹಾಕಿ ಅಥವಾ ಟ್ಯಾಪೆಟ್ ಹೊಂದಿಸಿ ಕಾರು ಚಾಲೂ ಮಾಡಿದಾಗ ಮೊದಲಿಲ್ಲದ ಸದ್ದೊಂದು ಕೇಳಿಬರುವುದು ಅಪರೂಪದ ಸಂಗತಿಯಲ್ಲ. ಆ ಗಳಿಗೆಯಲ್ಲಿ ಮಾಲೀಕರು ಒಂದು ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ. ಎಂಜಿನ್ ಓಡಲು ಬಿಟ್ಟು ಕಾರಣ ಹುಡುಕಬಹುದೇ ಅಥವಾ ಆ ಕ್ಷಣವೇ ನಿಲ್ಲಿಸಬೇಕೇ ಎಂಬುದೇ ಆ ತೀರ್ಮಾನ. ಕೆಲವು ಸದ್ದುಗಳು ಒಂದು ಬೋಲ್ಟ್ ಬಿಗಿ ಮಾಡಿದರೆ ಮುಗಿಯುತ್ತವೆ. ಇನ್ನು ಕೆಲವನ್ನು ಕೆಲವೇ ನಿಮಿಷ ಕಡೆಗಣಿಸಿದರೂ ಇಡೀ ಎಂಜಿನ್ ಬಿಚ್ಚಬೇಕಾದ ಸ್ಥಿತಿ ಬರುತ್ತದೆ. ಇವೆರಡನ್ನು ಬೇರ್ಪಡಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಬಾಡಗಂಡಿ ಸೀಮೆಯ ಸಂದರ್ಭ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಬಾಡಗಂಡಿ ಸಕ್ಕರೆ ಕಾರ್ಖಾನೆ ಇರುವ ಊರು. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಈ ಕಬ್ಬಿನ ಸೀಮೆಯಲ್ಲಿ ನುರಿಯುವ ಹಂಗಾಮು ಬಂತೆಂದರೆ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳದೇ ಸಾಲು. ಎರೆಮಣ್ಣಿನ ನುಣುಪಾದ ಧೂಳು ಹಾಗೂ ಕಬ್ಬಿನ ರವದಿಯ ಚೂರುಗಳು ವಾಹನಗಳ ಏರ್ ಫಿಲ್ಟರ್, ರೇಡಿಯೇಟರ್, ಬೆಲ್ಟ್‌ಗಳನ್ನು ಬೇಗ ಕೆಡಿಸುತ್ತವೆ. ಕಾರು ಕಂಪನಿಗಳ ಅಧಿಕೃತ ಸೇವಾ ಕೇಂದ್ರಗಳು ಬಹುಮಟ್ಟಿಗೆ ನಗರಗಳಲ್ಲೇ ಇರುವುದರಿಂದ ಹಳ್ಳಿಯ ಮಾಲೀಕರು ಸಣ್ಣಪುಟ್ಟ ಕೆಲಸಗಳನ್ನು ತಾವೇ ಮಾಡಿಕೊಳ್ಳುವುದು ಸಹಜ. ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳೊಂದಿಗೆ ಪಳಗಿದ ಕೈಗೆ ಪಾನಾ ಹಿಡಿಯುವುದು ಹೊಸದಲ್ಲ.

ಆದರೆ ಎಲ್ಲ ಎಂಜಿನ್‌ಗಳೂ ಒಂದೇ ಬಗೆಯವಲ್ಲ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್‌ನ ಟ್ಯಾಪೆಟ್ ಹೊಂದಿಸಲು ಫೀಲರ್ ಗೇಜ್, ಸ್ಕ್ರೂಡ್ರೈವರ್, ಪಾನಾ ಸಾಕು. 2000ದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದ ಕ್ವಾಲಿಸ್‌ನ ಹಳೆಯ ಮಾದರಿಯ ಡೀಸೆಲ್ ಎಂಜಿನ್ ಬೇರೆಯೇ ಜಾತಿ. 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್‌ನೊಂದಿಗೆ ಮನೆಮಾತಾದ 1.3 ಲೀಟರ್ ಮಲ್ಟಿಜೆಟ್ ಎಂಜಿನ್‌ನಲ್ಲಿ ಟೈಮಿಂಗ್‌ಗೆ ಬೆಲ್ಟ್ ಬದಲು ಚೈನ್ ಇದೆ. ಅದರ ಟ್ಯಾಪೆಟ್ ಅಂತರವನ್ನು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಭಾಗಗಳು ತಾವಾಗಿಯೇ ಸರಿಪಡಿಸಿಕೊಳ್ಳುತ್ತವೆ. ಹೀಗಾಗಿ ಒಂದು ಕಾರಿನಲ್ಲಿ ಕಲಿತ ವಿದ್ಯೆ ಇನ್ನೊಂದರಲ್ಲಿ ದಾರಿ ತಪ್ಪಿಸಬಹುದು. ಸದ್ದಿನ ಮೂಲ ಹುಡುಕುವ ಮುನ್ನ ಎಂಜಿನ್ ಯಾವ ಬಗೆಯದು ಎಂಬುದು ಗೊತ್ತಿರಬೇಕು.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಕಾರಣ ಹುಡುಕುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅಪಾಯದ ಅಂದಾಜು. ಈ ಕೆಳಗಿನ ಯಾವುದೇ ಸೂಚನೆ ಕಂಡರೆ ಎಂಜಿನ್ ಆಫ್ ಮಾಡಬೇಕು. ಕಾರಣ ತಿಳಿಯುವವರೆಗೆ ಮತ್ತೆ ಚಾಲೂ ಮಾಡಬಾರದು.

* ಆಯಿಲ್ ಒತ್ತಡದ ಕೆಂಪು ದೀಪ ಆರದಿರುವುದು ಅಥವಾ ಚಾಲನೆಯಲ್ಲಿ ಮಿನುಗುವುದು.
* ಎಂಜಿನ್‌ನ ಕೆಳಭಾಗದಿಂದ ಬರುವ, ಆಕ್ಸಿಲರೇಟರ್ ಒತ್ತಿದಂತೆ ಹೆಚ್ಚುವ, ಸುತ್ತಿಗೆಯಿಂದ ಬಡಿದಂತಹ ಭಾರವಾದ ಸದ್ದು.
* ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕೆಲಸದ ನಂತರ ಲೋಹಕ್ಕೆ ಲೋಹ ತಾಗುವ ಸದ್ದು.
* ಸ್ಟಾರ್ಟರ್ ತಿರುಗುವಾಗ ಎಂಜಿನ್ ನಡುವೆ ತಡೆದು ನಿಲ್ಲುವುದು.
* ಪೆಟ್ರೋಲ್ ಅಥವಾ ಡೀಸೆಲ್ ಸೋರಿಕೆ, ಸುಟ್ಟ ವಾಸನೆ, ತಾಪಮಾನದ ಮುಳ್ಳು ಕೆಂಪಿಗೆ ಏರುವುದು.

ಆಯಿಲ್ ದೀಪದ ವಿಷಯದಲ್ಲಿ ತಪ್ಪು ಕಲ್ಪನೆಯೊಂದಿದೆ. ಆ ದೀಪವು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು ಸೂಚಿಸುತ್ತದೆ. ಬಹುತೇಕ ಕಾರುಗಳಲ್ಲಿ ಒತ್ತಡವು ಸುಮಾರು ಅರ್ಧ ಬಾರ್‌ಗಿಂತ ಕೆಳಗಿಳಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಅಂದರೆ ದೀಪ ಕಂಡಾಗ ಕ್ರ್ಯಾಂಕ್ ಬೇರಿಂಗ್‌ಗಳಿಗೆ ಆಯಿಲ್ ಪೂರೈಕೆ ಬಹುತೇಕ ನಿಂತಂತೆಯೇ ಲೆಕ್ಕ. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಅಂತರ ಮಿಲಿಮೀಟರಿನ ನೂರನೇ ಭಾಗಗಳಷ್ಟು ಮಾತ್ರ. ಆ ಕಿರಿದಾದ ಜಾಗದಲ್ಲಿ ಲೋಹಗಳು ಒಂದಕ್ಕೊಂದು ತಾಗದಂತೆ ಕಾಯುವುದು ಆಯಿಲ್‌ನ ತೆಳುವಾದ ಪದರ. ಪದರ ಹರಿದರೆ ಬೇರಿಂಗ್‌ನ ಮೃದು ಲೋಹ ಕರಗಿ ಒರೆಸಿಹೋಗಲು ಹೆಚ್ಚು ಸಮಯ ಬೇಕಿಲ್ಲ. "ಊರು ಹತ್ತಿರವೇ ಇದೆ, ನಿಧಾನವಾಗಿ ಹೋದರಾಯಿತು" ಎಂಬ ಲೆಕ್ಕಾಚಾರದಿಂದಲೇ ಅನೇಕ ಎಂಜಿನ್‌ಗಳು ಹಾಳಾಗುತ್ತವೆ. ಅಂಥ ಸಂದರ್ಭದಲ್ಲಿ ವಾಹನವನ್ನು ಎಳೆಸಿಕೊಂಡು ಹೋಗುವ ಖರ್ಚು ಕ್ರ್ಯಾಂಕ್ ಕೆಲಸದ ಖರ್ಚಿನ ಮುಂದೆ ಅಲ್ಪ.

ಕೊನೆಯ ಕೆಲಸವೇ ಮೊದಲ ಶಂಕೆ

ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ ಶಾಂತವಾಗಿ ಹುಡುಕಲು ಅವಕಾಶವಿದೆ. ಇಲ್ಲಿ ಅನುಭವಿ ಮೆಕ್ಯಾನಿಕ್‌ಗಳು ಪಾಲಿಸುವ ನಿಯಮ ಸರಳ: ರಿಪೇರಿಗೆ ಮುನ್ನ ಇಲ್ಲದ ಸದ್ದು ರಿಪೇರಿಯ ನಂತರ ಬಂದಿದ್ದರೆ, ಕೈ ಹಾಕಿದ ಜಾಗದಲ್ಲೇ ಮೊದಲು ಹುಡುಕಬೇಕು. ಅದೇ ದಿನ ಅದೇ ಹೊತ್ತಿಗೆ ಸಂಬಂಧವಿಲ್ಲದ ಇನ್ನೊಂದು ಭಾಗ ತಾನಾಗಿ ಕೆಟ್ಟಿರುವ ಸಾಧ್ಯತೆ ಇಲ್ಲವೆಂದಲ್ಲ, ಆದರೆ ಕಡಿಮೆ.

ಅದಕ್ಕಾಗಿ ಮಾಡಿದ ಕೆಲಸಗಳನ್ನು ಕ್ರಮವಾಗಿ ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಮುಖ್ಯ ಕೆಲಸವಷ್ಟೇ ಅಲ್ಲ, ಅದಕ್ಕಾಗಿ ದಾರಿಯಲ್ಲಿ ಬಿಚ್ಚಿದ ಪೈಪ್, ಕನೆಕ್ಟರ್, ಕ್ಲಿಪ್, ಬ್ರಾಕೆಟ್ ಎಲ್ಲವೂ ಪಟ್ಟಿಯಲ್ಲಿರಬೇಕು. ಬಳಿಕ ಎಂಜಿನ್ ಆಫ್ ಇರುವಾಗಲೇ ಪಟ್ಟಿಯ ಪ್ರಕಾರ ಒಂದೊಂದನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಉಳಿದುಹೋದ ಬೋಲ್ಟ್, ವಾಷರ್‌ಗಳನ್ನೂ ಸ್ಪ್ಯಾನರ್, ಸಾಕೆಟ್‌ಗಳನ್ನೂ ಎಣಿಸಬೇಕು. ಬಾನೆಟ್ ಒಳಗೆ ಮರೆತ ಸಾಕೆಟ್ ಒಂದು ಬೆಲ್ಟ್‌ಗೆ ಸಿಲುಕಿದರೆ ಆಗುವ ಅನಾಹುತ ದೊಡ್ಡದು. ಇನ್ಲೆಟ್ ಮ್ಯಾನಿಫೋಲ್ಡ್ ಬಿಚ್ಚಿದ್ದ ಸಂದರ್ಭದಲ್ಲಿ ಒಂದು ನಟ್ ಲೆಕ್ಕಕ್ಕೆ ಸಿಗದಿದ್ದರೆ, ಅದು ಸಿಗುವವರೆಗೆ ಸ್ಟಾರ್ಟರ್ ಮುಟ್ಟಬಾರದು.

ಸದ್ದಿನ ಲಯ ಏನು ಹೇಳುತ್ತದೆ

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಸದ್ದಿನ ಮೂಲವನ್ನು ಎಂಜಿನ್‌ನ ಮೇಲ್ಭಾಗ ಹಾಗೂ ಕೆಳಭಾಗಗಳ ನಡುವೆ ವಿಂಗಡಿಸಲು ಈ ಲೆಕ್ಕವೇ ಆಧಾರ. ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಕ್ಯಾಮ್ 450 ಸುತ್ತು ತಿರುಗುತ್ತದೆ. ಸಡಿಲವಾದ ಒಂದು ಟ್ಯಾಪೆಟ್ ಸೆಕೆಂಡಿಗೆ ಏಳೂವರೆ ಬಾರಿ ಸದ್ದು ಮಾಡುತ್ತದೆ. ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಬರುವ ಸದ್ದಾದರೆ ಸೆಕೆಂಡಿಗೆ 15 ಬಾರಿ.

ಕಿವಿಯಿಂದ ಎಣಿಸುವುದು ಕಷ್ಟವಾದರೂ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಒಂದು ಉಪಾಯವಿದೆ. ಟೈಮಿಂಗ್ ಲೈಟನ್ನು ಮೊದಲ ಸಿಲಿಂಡರ್‌ನ ಪ್ಲಗ್ ವೈರಿಗೆ ಜೋಡಿಸಿದರೆ ಅದು ಕ್ರ್ಯಾಂಕ್‌ನ ಎರಡು ಸುತ್ತಿಗೊಮ್ಮೆ ಮಿನುಗುತ್ತದೆ. ಪ್ರತಿ ಮಿನುಗಿಗೆ ಒಂದು ಸದ್ದು ಕೂಡಿಬಂದರೆ ಮೂಲ ಕ್ಯಾಮ್, ವಾಲ್ವ್‌ಗಳ ಕಡೆ ಇರಬಹುದು. ಎರಡು ಮಿನುಗುಗಳ ನಡುವೆ ಇನ್ನೊಂದು ಸದ್ದು ಕೇಳಿದರೆ ಕ್ರ್ಯಾಂಕ್ ಕಡೆ ನೋಡಬೇಕು.

ಲಯದಷ್ಟೇ ಮುಖ್ಯವಾದುದು ಸದ್ದು ಬರುವ ಸಂದರ್ಭ. ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವ ಸದ್ದು ಪಿಸ್ಟನ್ ಸವೆತದಿಂದಲೋ ಎಕ್ಸಾಸ್ಟ್ ಸೋರಿಕೆಯಿಂದಲೋ ಇರಬಹುದು. ಲೋಹ ಹಿಗ್ಗಿದಂತೆ ಸಂದು ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಇಲ್ಲದೆ ಬಿಸಿಯಾದ ಮೇಲೆ ಹೆಚ್ಚುವ ಬಡಿತವು ಬೇರಿಂಗ್ ಕಡೆ ಬೊಟ್ಟು ಮಾಡುತ್ತದೆ. ಬಿಸಿಗೆ ಆಯಿಲ್ ತೆಳುವಾಗಿ ಸವೆದ ಬೇರಿಂಗ್‌ನ ಸದ್ದು ಹೊರಬೀಳುತ್ತದೆ. ಕ್ಲಚ್ ಒತ್ತಿದಾಗ ಮಾತ್ರ ಬರುವ ಸದ್ದು ಎಂಜಿನ್‌ನದಲ್ಲ, ಬಹುಪಾಲು ಕ್ಲಚ್ ರಿಲೀಸ್ ಬೇರಿಂಗ್‌ನದು. ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಬಾರದೆ, ಓಡುವಾಗ ಚಕ್ರದ ವೇಗದೊಂದಿಗಷ್ಟೇ ಬದಲಾಗುವ ಸದ್ದನ್ನು ಎಂಜಿನ್‌ನಲ್ಲಿ ಹುಡುಕಿ ಫಲವಿಲ್ಲ.

ಆಯಿಲ್ ಬದಲಿಸಿದ ನಂತರ

ಮನೆಯಲ್ಲಿ ನಡೆಯುವ ಕೆಲಸಗಳಲ್ಲಿ ಇದೇ ಹೆಚ್ಚು. ಹೊಸ ಫಿಲ್ಟರ್ ತುಂಬಿಕೊಳ್ಳುವವರೆಗೆ ಒಂದೆರಡು ಸೆಕೆಂಡು ಟಿಕ್‌ಟಿಕ್ ಸದ್ದು ಬಂದು ನಿಂತರೆ ಚಿಂತೆಯಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಚಾಲೂ ಮಾಡಿದಾಗಲೂ ಕೆಲವು ಸೆಕೆಂಡು ಗರಗರ ಕೇಳುತ್ತಿದ್ದರೆ ಫಿಲ್ಟರ್ ಬಗ್ಗೆ ಅನುಮಾನ ಪಡಬೇಕು. ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಅನೇಕ ಫಿಲ್ಟರ್‌ಗಳಲ್ಲಿರುತ್ತದೆ. ನಕಲಿ ಫಿಲ್ಟರ್‌ನಲ್ಲಿ ಅದು ಇಲ್ಲದಿರಬಹುದು ಅಥವಾ ಕೆಲಸ ಮಾಡದಿರಬಹುದು.

ಡಿಪ್‌ಸ್ಟಿಕ್ ಪರೀಕ್ಷೆಯನ್ನು ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ನಂತರ ಮಾಡಬೇಕು. ಕಡಿಮೆ ಆಯಿಲ್‌ನಂತೆ ಅತಿಯಾದ ಆಯಿಲ್ ಕೂಡ ಸದ್ದಿಗೆ ಕಾರಣ. ಮಟ್ಟ ಮಿತಿಮೀರಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ಗಾಳಿ ತುಂಬಿದ ಆಯಿಲ್‌ನಿಂದ ಹೈಡ್ರಾಲಿಕ್ ಟ್ಯಾಪೆಟ್‌ಗಳು ಸರಿಯಾಗಿ ಉಬ್ಬದೆ ಟಿಕ್‌ಟಿಕ್ ಎನ್ನತೊಡಗುತ್ತವೆ. ಇನ್ನು ಆಯಿಲ್‌ನ ಸಾಂದ್ರತೆ. ಬಿಸಿಲನಾಡಿಗೆ ದಪ್ಪನೆಯ ಆಯಿಲ್ ಒಳ್ಳೆಯದೆಂಬ ನಂಬಿಕೆ ಹಳೆಯ ಎಂಜಿನ್‌ಗಳ ಕಾಲದ್ದು. ತೆಳುವಾದ ಆಯಿಲ್‌ಗೆಂದೇ ರೂಪಿಸಿದ ಹೊಸ ಎಂಜಿನ್‌ಗೆ 20ಡಬ್ಲ್ಯೂ-50 ಹಾಕಿದರೆ, ಚಾಲೂ ಮಾಡಿದ ಮೊದಲ ಸೆಕೆಂಡುಗಳಲ್ಲಿ ಅದು ಮೇಲ್ಭಾಗಕ್ಕೆ ತಲುಪುವುದೇ ತಡವಾಗುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯೇ ಸರಿ.

ಹಳೆಯ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನು ಹಾಕಿದರೆ ಎರಡು ರಿಂಗ್‌ಗಳ ನಡುವಿನಿಂದ ಆಯಿಲ್ ರಭಸವಾಗಿ ಹೊರಚಿಮ್ಮಬಹುದು. ಹಳೆಯ ಫಿಲ್ಟರ್ ಬಿಚ್ಚಿದ ತಕ್ಷಣ ರಿಂಗ್ ಅದರೊಂದಿಗೆ ಬಂದಿದೆಯೇ ಎಂದು ನೋಡುವುದು ಕಡ್ಡಾಯ.

ಟ್ಯಾಪೆಟ್ ಹೊಂದಿಸಿದ ನಂತರ

ಮಾರುತಿ 800, ಅಂಬಾಸಿಡರ್‌ನಂತಹ ಕಾರುಗಳಲ್ಲಿ ಸ್ಕ್ರೂ ಮೂಲಕ ಟ್ಯಾಪೆಟ್ ಅಂತರ ಹೊಂದಿಸಲಾಗುತ್ತದೆ. ಅಂತರ ಹೆಚ್ಚಾದರೆ ಹೊಲಿಗೆ ಯಂತ್ರದಂತಹ ಲಘುವಾದ ಟಿಕ್‌ಟಿಕ್ ಸದ್ದು ಬರುತ್ತದೆ. ಇದು ಕಿರಿಕಿರಿಯೇ ಹೊರತು ತಕ್ಷಣದ ಅಪಾಯವಲ್ಲ. ನಿಜವಾದ ಅಪಾಯ ಇರುವುದು ಸದ್ದೇ ಇಲ್ಲದ ಟ್ಯಾಪೆಟ್‌ನಲ್ಲಿ. ಸದ್ದು ಅಡಗಿಸಬೇಕೆಂದು ಅಂತರವನ್ನು ತೀರಾ ಕಿರಿದು ಮಾಡಿದರೆ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದಾಗ ಸೀಟಿನ ಮೂಲಕ ಹೊರಹೋಗಬೇಕಾದ ಶಾಖ ವಾಲ್ವ್‌ನಲ್ಲೇ ಉಳಿದು, ವಿಶೇಷವಾಗಿ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಟ್ಟುಹೋಗುತ್ತದೆ. ಆದುದರಿಂದ ಕೈಪಿಡಿಯ ಅಳತೆಯನ್ನೇ ಪಾಲಿಸಬೇಕು. ಆ ಅಳತೆ ತಣ್ಣನೆಯ ಎಂಜಿನ್‌ಗೋ ಬಿಸಿ ಎಂಜಿನ್‌ಗೋ ಎಂಬುದನ್ನೂ ಗಮನಿಸಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ತುಸು ತಿರುಗುವುದು ಸಾಮಾನ್ಯ. ಬಿಗಿ ಮಾಡಿದ ಮೇಲೆ ಗೇಜ್ ಹಾಕಿ ಮತ್ತೊಮ್ಮೆ ಅಳೆಯದಿದ್ದರೆ ಕೆಲಸ ಮುಗಿದಂತಲ್ಲ.

ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ನ ಹೆಡ್ ಬಿಚ್ಚಿ ಜೋಡಿಸಿದ್ದರೆ ಒಳಗೆ ಸೇರಿದ ಗಾಳಿ ಹೊರಹೋಗುವವರೆಗೆ ಕೆಲವು ನಿಮಿಷ ಸದ್ದಿರುತ್ತದೆ. ಆಯಿಲ್ ದೀಪ ಆರಿದ್ದರೆ ಇದಕ್ಕೆ ಅವಸರ ಪಡಬೇಕಿಲ್ಲ.

ಫ್ಯಾನ್ ಬೆಲ್ಟ್ ಬದಲಿಸಿದ ನಂತರ

ಕೀಚಲು ಸದ್ದು ಬೆಲ್ಟ್‌ನದೇ ಎಂದು ಖಚಿತಪಡಿಸಿಕೊಳ್ಳಲು ಹಳೆಯದೊಂದು ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ ದೂರದಿಂದ ಬೆಲ್ಟ್‌ನ ಒಳಮೈ ಮೇಲೆ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಬೇಕು. ಸದ್ದು ನಿಂತು ತುಸು ಹೊತ್ತಿನಲ್ಲೇ ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅಥವಾ ಬೆಲ್ಟ್ ಗೀರುಗಳಲ್ಲಿ ಸರಿಯಾಗಿ ಕುಳಿತಿಲ್ಲ ಎಂದರ್ಥ. ನೀರು ಬಿದ್ದಾಗ ಸದ್ದು ಇನ್ನೂ ಹೆಚ್ಚಿದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ.

ಸಡಿಲ ಬೆಲ್ಟ್ ಕೀಚಲು ದನಿ ಮಾಡಿದರೆ, ಅತಿ ಬಿಗಿಯಾದ ಬೆಲ್ಟ್ ಗುಂಯ್ ಎನ್ನುತ್ತದೆ. ಎರಡನೆಯದನ್ನು ಜನ ಹೆಚ್ಚಾಗಿ ಗಮನಿಸುವುದಿಲ್ಲ. ಹಾಗೆಯೇ ಓಡಿಸಿದರೆ ಆಲ್ಟರ್ನೇಟರ್ ಹಾಗೂ ವಾಟರ್ ಪಂಪ್‌ಗಳ ಬೇರಿಂಗ್ ಬಲಿಯಾಗುತ್ತವೆ. ಸದ್ದಿನ ಮೂಲ ಬೆಲ್ಟ್ ಓಡಿಸುವ ಭಾಗಗಳಲ್ಲಿದೆಯೇ ಎಂದು ತಿಳಿಯಲು ತಣ್ಣನೆಯ ಎಂಜಿನ್‌ನ ಬೆಲ್ಟ್ ತೆಗೆದು ಅರ್ಧ ನಿಮಿಷದ ಒಳಗೆ ಪರೀಕ್ಷಿಸಬಹುದು. ಬೆಲ್ಟ್ ಇಲ್ಲದಾಗ ವಾಟರ್ ಪಂಪ್ ತಿರುಗದಿರುವುದರಿಂದ ಅದಕ್ಕಿಂತ ಹೆಚ್ಚು ಓಡಿಸುವಂತಿಲ್ಲ.

ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕೆಲಸದ ನಂತರ

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಇದು. ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತವೆ. ಗುರುತುಗಳು ತಪ್ಪಿದರೆ ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಾಗುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲಿನ ಜಾಗ ಇನ್ನೂ ಕಿರಿದಾಗಿರುವುದರಿಂದ ಅಪಾಯ ಹೆಚ್ಚು.

ಆದುದರಿಂದ ಜೋಡಣೆ ಮುಗಿದ ಮೇಲೆ ಸ್ಟಾರ್ಟರ್ ಬಳಸದೆ, ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಎಲ್ಲೂ ತಡೆಯದೆ ತಿರುಗಿ, ಎರಡು ಸುತ್ತಿನ ಬಳಿಕ ಎಲ್ಲ ಗುರುತುಗಳೂ ಸ್ವಸ್ಥಾನಕ್ಕೆ ಮರಳಿದರೆ ಮಾತ್ರ ಮುಂದಿನ ಮಾತು. ತಡೆ ಎದುರಾದರೆ ಬಲ ಪ್ರಯೋಗಿಸಬಾರದು. ಗುರುತು ಒಂದು ಹಲ್ಲು ತಪ್ಪಿದ್ದರೂ ಕೆಲವು ಎಂಜಿನ್‌ಗಳು ಚಾಲೂ ಆಗುತ್ತವೆ. ಶಕ್ತಿ ಕುಂದಿರುತ್ತದೆ, ಐಡಲ್ ನಿಲ್ಲುವುದಿಲ್ಲ. "ಓಡುತ್ತಿದೆಯಲ್ಲ" ಎಂಬುದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಚೈನ್ ಇರುವ ಎಂಜಿನ್‌ನಲ್ಲಿ ಚಾಲೂ ಮಾಡಿದ ಕೂಡಲೇ ಸರಪಳಿ ಅಲುಗಿದಂತಹ ಖಣಖಣ ಸದ್ದು ಬಂದು ನಿಲ್ಲದಿದ್ದರೆ ಟೆನ್ಷನರ್ ಪರೀಕ್ಷಿಸಬೇಕು.

ಇದೇ ಕೆಲಸದಲ್ಲಿ ಇನ್ನೊಂದು ತಪ್ಪು ಸಾಧ್ಯ. ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಸಾಕಷ್ಟು ಬಿಗಿ ಮಾಡದಿದ್ದರೆ ಪುಲ್ಲಿ ಅಲುಗಾಡಿ, ಕನೆಕ್ಟಿಂಗ್ ರಾಡ್ ಬೇರಿಂಗ್ ಹೋದಾಗಿನಂತೆಯೇ ಧಡ್‌ಧಡ್ ಎಂದು ಬಡಿಯುತ್ತದೆ. ಸದ್ದು ಒಂದೇ, ಖರ್ಚಿನಲ್ಲಿ ಅಜಗಜಾಂತರ. ಬೆಲ್ಟ್ ಕೆಲಸದ ನಂತರ ಇಂತಹ ಬಡಿತ ಕೇಳಿದರೆ ಎಂಜಿನ್ ನಿಲ್ಲಿಸಿ ಮೊದಲು ಈ ಬೋಲ್ಟನ್ನು ಟಾರ್ಕ್ ರೆಂಚ್‌ನಿಂದ ಪರೀಕ್ಷಿಸಬೇಕು. ಅಲುಗಾಡುವ ಪುಲ್ಲಿಯೊಂದಿಗೆ ಓಡಿಸಿದರೆ ಕ್ರ್ಯಾಂಕ್‌ನ ಕೀಲಿ ಕೂರುವ ಗಾಡಿಯೇ ಸವೆದು ಸಣ್ಣ ತಪ್ಪು ದೊಡ್ಡದಾಗುತ್ತದೆ.

ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಸೈಲೆನ್ಸರ್

ಪ್ಲಗ್ ಬದಲಿಸಿದ ಬಳಿಕ ಎಂಜಿನ್ ಒಂದೇ ಲಯದಲ್ಲಿ ನಡುಗಿ ಸೈಲೆನ್ಸರ್‌ನಿಂದ ಬಿಟ್ಟುಬಿಟ್ಟು ಫಟ್ ಎನ್ನುತ್ತಿದ್ದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ. ಕಾಯಿಲ್ ಕನೆಕ್ಟರ್ ಕೂತಿಲ್ಲದಿರುವುದು ಅಥವಾ ಪ್ಲಗ್ ವೈರ್‌ಗಳು ಅದಲುಬದಲಾಗಿರುವುದು ಸಾಮಾನ್ಯ ಕಾರಣ. ಎಂಜಿನ್ ಮೇಲಿನಿಂದ ಲಯಬದ್ಧವಾಗಿ ಬುಸ್‌ಬುಸ್ ಎಂದು ಗಾಳಿ ಹೊರಬೀಳುವಂತಿದ್ದರೆ ಪ್ಲಗ್ಗೇ ಸಡಿಲವಾಗಿದೆ. ಹೊಸ ವಾಷರ್ ಇರುವ ಪ್ಲಗ್ಗನ್ನು ಕೈಯಿಂದ ಪೂರ್ತಿ ಕೂರಿಸಿದ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿ ಮಾಡುವುದು ರೂಢಿಯ ಅಳತೆ. ಕೈಯಿಂದಲೇ ಆರಂಭಿಸಿದರೆ ಅಲ್ಯುಮಿನಿಯಂ ಹೆಡ್‌ನ ಥ್ರೆಡ್ ಕೆಡುವ ಭಯವಿಲ್ಲ.

ಏರ್ ಫಿಲ್ಟರ್ ಬದಲಿಸಿದ ಬಳಿಕ ಆಕ್ಸಿಲರೇಟರ್ ಒತ್ತಿದಾಗ ಗಾಳಿ ಎಳೆಯುವ ಭೋರ್ಗರೆತ ಹೆಚ್ಚಿದ್ದರೆ ಪೆಟ್ಟಿಗೆಯ ಕ್ಲಿಪ್ ಕೂತಿಲ್ಲ. ಸದ್ದಿನಿಂದ ತೊಂದರೆಯಿಲ್ಲ, ಫಿಲ್ಟರ್ ತಪ್ಪಿಸಿ ಒಳಹೋಗುವ ಧೂಳಿನಿಂದ ತೊಂದರೆ. ಕಬ್ಬಿನ ಹಂಗಾಮಿನ ರಸ್ತೆಗಳಲ್ಲಿ ಹೀಗೆ ಓಡಿಸುವುದೆಂದರೆ ಸಿಲಿಂಡರ್ ಗೋಡೆಗೆ ಉಜ್ಜುಕಾಗದ ಹಾಕಿದಂತೆ. ಸಣ್ಣ ವ್ಯಾಕ್ಯೂಮ್ ಪೈಪ್ ಜೋಡಿಸಲು ಮರೆತಿದ್ದರೆ ನಿರಂತರ ಸುಯ್ ಎಂಬ ಸದ್ದಿನೊಂದಿಗೆ ಐಡಲ್ ಏರುಪೇರಾಗುತ್ತದೆ. ಸೋರಿಕೆ ಹುಡುಕಲು ಪೆಟ್ರೋಲ್ ಸಿಂಪಡಿಸುವ ಪದ್ಧತಿ ಬೆಂಕಿಗೆ ಆಹ್ವಾನ. ಸೋಪಿನ ನೀರು ಸಾಕು.

ಟ್ಯಾಪೆಟ್ ಸದ್ದೆಂದು ಜನರನ್ನು ಮೋಸಗೊಳಿಸುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿಕೆ. ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಬದಲಿಸಬೇಕು. ತಗಡಿನ ಹೀಟ್ ಶೀಲ್ಡ್‌ನ ಒಂದು ಬೋಲ್ಟ್ ಬಿಟ್ಟುಹೋದರೂ ನಿರ್ದಿಷ್ಟ ವೇಗದಲ್ಲಿ ಜೋರಾಗಿ ಝಲ್ಲೆನ್ನುತ್ತದೆ. ಕೂಲಂಟ್ ಬದಲಿಸಿದ ನಂತರ ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಎಂದರೆ ಹೀಟರ್ ಪೈಪಿನಲ್ಲಿ ಗಾಳಿ ಸಿಲುಕಿದೆ. ಗಾಳಿ ತೆಗೆಯದಿದ್ದರೆ ಎಂಜಿನ್ ಕಾಯುತ್ತದೆ. ಗಾಳಿ ತೆಗೆದರೂ ರೇಡಿಯೇಟರ್‌ನಲ್ಲಿ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಶಂಕೆ.

ಡೀಸೆಲ್ ಎಂಜಿನ್: ಹಳೆಯ ಪದ್ಧತಿ ಅಪಾಯಕಾರಿ

ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪುಗಳು ರಾಜ್ಯದ ಲಾರಿ, ಟ್ರ್ಯಾಕ್ಟರ್‌ಗಳಲ್ಲಿ ಮನೆಮಾತಾಗಿದ್ದವು. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಅಂತಹ ಪಂಪ್ ಇರುವ ಹಳೆಯ ಎಂಜಿನ್‌ಗಳಲ್ಲಿ ಬಡಿತದ ಮೂಲ ಹುಡುಕಲು ಮೆಕ್ಯಾನಿಕ್‌ಗಳು ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುತ್ತಿದ್ದರು. ಯಾವ ಸಿಲಿಂಡರ್‌ಗೆ ಡೀಸೆಲ್ ನಿಂತಾಗ ಬಡಿತ ತಗ್ಗುತ್ತದೋ ದೋಷ ಅಲ್ಲಿದೆ ಎಂಬುದು ಲೆಕ್ಕ.

ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು. ಇವುಗಳ ಪೈಪಿನಲ್ಲಿ ಒತ್ತಡ 1,000 ಬಾರ್ ಮೀರಬಲ್ಲದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗಿನ ಅಂಗಾಂಶ ಕೊಳೆತು ಬೆರಳು, ಕೈ ಕಳೆದುಕೊಳ್ಳುವ ಸಂಭವವಿದೆ. ಹಾಗಾದಲ್ಲಿ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸರಿಯಾಗಿ ಕೂರದಿದ್ದರೆ ಚುಫ್‌ಚುಫ್ ಎಂಬ ಸದ್ದೂ ಹೊಗೆಯ ವಾಸನೆಯೂ ಬರುತ್ತವೆ. ಇಂಜೆಕ್ಟರ್ ದೋಷದ ಉಳಿದ ಪರೀಕ್ಷೆಗಳನ್ನು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಬಿಡುವುದು ಉಚಿತ.

ಆಲಿಸುವ ಸಾಧನಗಳು

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಶಂಕಿತ ಭಾಗಕ್ಕಿಟ್ಟು ಹಿಡಿಯನ್ನು ಕಿವಿಯ ಬಳಿ ಒತ್ತಿ ಆಲಿಸುವುದು ಗ್ಯಾರೇಜುಗಳ ಪರಂಪರಾಗತ ವಿಧಾನ. ಮೆಕ್ಯಾನಿಕ್‌ಗಳ ಸ್ಟೆತಾಸ್ಕೋಪ್ ಕೂಡ ಇದೇ ತತ್ವದ್ದು. ಗಾಳಿ ಸೋರಿಕೆ ಹುಡುಕಲು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ ಸುತ್ತ ಆಡಿಸಬಹುದು. ಆಲ್ಟರ್ನೇಟರ್, ವಾಲ್ವ್ ಕವರ್, ಆಯಿಲ್ ಚೇಂಬರ್ ಹೀಗೆ ಕ್ರಮವಾಗಿ ಆಲಿಸಿ ಎಲ್ಲಿ ಅತ್ಯಂತ ಸ್ಪಷ್ಟವೋ ಅಲ್ಲಿ ನಿಲ್ಲಬೇಕು. ಲೋಹದ ಮೂಲಕ ಸದ್ದು ದೂರ ಸಾಗುವುದರಿಂದ ಒಂದೇ ಜಾಗದಲ್ಲಿ ಕೇಳಿ ತೀರ್ಮಾನಿಸಬಾರದು.

ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರಿನಲ್ಲಿ ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು ಬಡಿತ ತಗ್ಗುವುದೇ ಎಂದು ನೋಡಬಹುದು. ಸ್ಪಾರ್ಕ್ ಮಾತ್ರ ನಿಲ್ಲಿಸಿದರೆ ಉರಿಯದ ಪೆಟ್ರೋಲ್ ಹರಿದು ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ದೇಶದಲ್ಲಿ 2013ರ ಏಪ್ರಿಲ್‌ನಿಂದ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಆ ನಂತರದ ಕಾರುಗಳಿಗೆ ಅಗ್ಗದ ಸ್ಕ್ಯಾನರ್ ಕೂಡ ನೆರವಾಗುತ್ತದೆ. ಪಿ0301 ಎಂದರೆ ಮೊದಲ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪಿ0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿದೆ. ಟೈಮಿಂಗ್ ಕೆಲಸದ ನಂತರ ಎರಡನೆಯದು ಕಂಡರೆ ಕಾರು ಓಡಿಸಬಾರದು. ಆದರೆ ಸವೆದ ಬೇರಿಂಗ್‌ಗೆ ಕೋಡ್ ಇಲ್ಲ; ಸ್ಕ್ಯಾನರ್ ಏನೂ ಹೇಳಲಿಲ್ಲವೆಂದರೆ ಎಂಜಿನ್ ಸುಸ್ಥಿತಿಯಲ್ಲಿದೆ ಎಂದಲ್ಲ.

ಎಥನಾಲ್ ಮೇಲಿನ ಆರೋಪ

ಪೆಟ್ರೋಲ್‌ನಲ್ಲಿ ಎಥನಾಲ್ ಪ್ರಮಾಣ 2025ರಲ್ಲಿ ಶೇ 20ರ ಮಟ್ಟ ತಲುಪಿದ ಬಳಿಕ ಎಂಜಿನ್‌ನ ಎಲ್ಲ ಸದ್ದಿಗೂ ಅದನ್ನೇ ದೂರುವುದು ವಾಡಿಕೆಯಾಗಿದೆ. ಕಬ್ಬು ಎಥನಾಲ್‌ನ ಮೂಲಗಳಲ್ಲೊಂದಾದುದರಿಂದ ಈ ಸೀಮೆಗೆ ವಿಷಯ ಹತ್ತಿರದ್ದು. ಎಥನಾಲ್‌ನ ಆಕ್ಟೇನ್ ಪೆಟ್ರೋಲ್‌ಗಿಂತ ಹೆಚ್ಚು; ಹಾಗಾಗಿ ಅದು ಏರುದಾರಿಯಲ್ಲಿ ಕೇಳುವ ನಾಕಿಂಗ್ ಸದ್ದನ್ನು ತಗ್ಗಿಸುವ ಗುಣದ್ದು. ಹಳೆಯ ಕಾರುಗಳ ರಬ್ಬರ್ ಪೈಪ್, ಸೀಲ್‌ಗಳಿಗೆ ಅದರಿಂದ ತೊಂದರೆಯಾಗಬಹುದೆಂಬುದು ನಿಜ. ಆದರೆ ನಿನ್ನೆ ಟ್ಯಾಪೆಟ್ ಬಿಚ್ಚಿ ಇಂದು ಟಿಕ್‌ಟಿಕ್ ಕೇಳಿದರೆ ಅದಕ್ಕೆ ಹೊಣೆ ಇಂಧನವಲ್ಲ. ಹಳೆಯ ಕಾರಿನ ಡಿಸ್ಟ್ರಿಬ್ಯೂಟರ್ ಬಿಚ್ಚಿ ಜೋಡಿಸಿದ ಬಳಿಕ ನಾಕಿಂಗ್ ಶುರುವಾಗಿದ್ದರೆ ಇಗ್ನಿಷನ್ ಟೈಮಿಂಗ್ ಮುಂದಾಗಿದೆಯೇ ಎಂದು ಮೊದಲು ನೋಡಬೇಕು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ

ಸದ್ದು ಆಲಿಸುವ ಭರದಲ್ಲಿ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಚ್ಚರ ತಪ್ಪಿದ ಮೇಲೆ ಹೊರಬರಲು ಸಮಯವಿರುವುದಿಲ್ಲ. ಕೇವಲ ಜಾಕ್ ನಂಬಿ ಕಾರಿನ ಕೆಳಗೆ ಮಲಗಬಾರದು. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಇಡಬೇಕು. ಸಿಮೆಂಟ್ ಇಟ್ಟಿಗೆ ಒಡೆದು ಕುಸಿಯುತ್ತದೆ, ಎರೆಮಣ್ಣಿನಲ್ಲಿ ಜಾಕ್ ಹೂತು ವಾಲುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ತಿರುಗತೊಡಗುತ್ತದೆ. ಪಂಚೆ, ಟವೆಲ್, ಸೆರಗು, ಸಡಿಲ ತೋಳುಗಳು ತಿರುಗುವ ಬೆಲ್ಟ್ ಬಳಿ ಸುಳಿಯಬಾರದು.

ಮೆಕ್ಯಾನಿಕ್ ಬಳಿ ಹೋಗುವಾಗ

ಮೂಲ ಸಿಗದಿದ್ದರೆ ಮತ್ತಷ್ಟು ಬಿಚ್ಚುತ್ತ ಹೋಗುವುದು ಜಾಣತನವಲ್ಲ. ತಣ್ಣನೆಯ ಎಂಜಿನ್ ಚಾಲೂ ಮಾಡುವಾಗಿನಿಂದ ಬಿಸಿಯಾಗುವವರೆಗಿನ ಸದ್ದನ್ನು ಮೊಬೈಲ್‌ನಲ್ಲಿ ದಾಖಲಿಸಿಕೊಂಡರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಹಗುರವಾಗುತ್ತದೆ. ನಿಲ್ಲಿಸಬೇಕಾದ ಸೂಚನೆಗಳಿದ್ದರೆ ದಾಖಲಿಸುವ ಸಲುವಾಗಿಯೂ ಮತ್ತೆ ಚಾಲೂ ಮಾಡಬಾರದು.

ಅದಕ್ಕಿಂತ ಮುಖ್ಯವಾದುದು, ಏನೇನು ಬಿಚ್ಚಲಾಯಿತು, ಯಾವ ಆಯಿಲ್ ಎಷ್ಟು ಹಾಕಲಾಯಿತು, ಯಾವ ಬಿಡಿಭಾಗ ಬಳಸಲಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಸ್ವಂತ ಕೈಯಿಂದ ಆದ ತಪ್ಪು ಹೇಳಲು ಸಂಕೋಚಪಟ್ಟು "ತಾನಾಗಿಯೇ ಬಂತು" ಎಂದರೆ ಮೆಕ್ಯಾನಿಕ್ ಸಡಿಲವಾದ ಬೋಲ್ಟ್ ಬಿಟ್ಟು ಸುಸ್ಥಿತಿಯಲ್ಲಿರುವ ಭಾಗಗಳನ್ನು ಬಿಚ್ಚತೊಡಗುತ್ತಾರೆ. ಆ ಖರ್ಚು ಬೀಳುವುದು ಮಾಲೀಕರ ಮೇಲೆಯೇ. ಕೆಲಸದ ಪಟ್ಟಿ ಬರೆದ ಕಾಗದವನ್ನು ಬದಲಿಸಿದ ಹಳೆಯ ಭಾಗಗಳೊಂದಿಗೆ ಗ್ಯಾರೇಜಿಗೆ ಒಯ್ದರೆ ಹಣ, ಸಮಯ ಎರಡೂ ಉಳಿಯುತ್ತವೆ.